ಮುನಿಯಮ್ಮ ಬಯ್ಯದ ದಿನ

ಮಾಗಡಿ ಕಡೆಯ ಆ ಊರಿನಲ್ಲಿ ಮುನಿಯಮ್ಮನ ಬಾಯಿಗೆ ಹೆದರದವರಿರಲಿಲ್ಲ. ಮುಂಗಾರು ಕೈಕೊಟ್ಟು ರಾಗಿ ಪೈರು ಒಣಗತೊಡಗಿದಾಗ ಅವಳು ಗಂಡ ರಾಮಲಿಂಗಯ್ಯನ ಜೊತೆ ಗುಡಿಗೆ ಹೋಗಿ ಅಡ್ಡಬಿದ್ದಳು. ಕೋಳಿ ಕೊಡುತ್ತೇವೆಂದು ಊರವರೆಲ್ಲ ಆಗಲೇ ಹೇಳಿಕೊಂಡಿದ್ದರು. ಅವಳಿಗೆ ಅದಕ್ಕಿಂತ ದೊಡ್ಡದು ಕೊಡಬೇಕೆನಿಸಿತು.

"ತಾಯಿ, ಮಳೆ ಉಯ್ಸು. ಒಂದಿನ ಹೊತ್ತು ಮುಳುಗೋಗಂಟ ಯಾರ್ನೂ ಬಯ್ಯಕಿಲ್ಲ."

ರಾಮಲಿಂಗಯ್ಯ ದೇವಿಗೆ ಎರಡೆರಡು ಸಲ ಕೈಮುಗಿದ.

ಆ ವಾರವೇ ಮಳೆ ಬಂತು. ಕೆರೆಯ ನೀರು ಏರಿಯ ಬುಡ ಮುಟ್ಟುವಷ್ಟು ಸುರಿಯಿತು. ಮುನಿಯಮ್ಮ ಅಂಗಳದಲ್ಲಿ ನೆನೆಯುತ್ತ ನಿಂತು ಸಂತೋಷಕ್ಕೆ ಅತ್ತಳು. ಹರಕೆ ನೆನಪಾಗಿ ಇನ್ನೊಮ್ಮೆ ಅತ್ತಳು.

ಮಾರನೆಯ ದಿನವೇ ಹರಕೆ ತೀರಿಸಲು ಕೂತಳು. ಬೆಳಿಗ್ಗೆ ರಾಮಲಿಂಗಯ್ಯ ಕೆಸರುಗಾಲಲ್ಲೇ ಅಡುಗೆಮನೆಗೆ ನುಗ್ಗಿದ. ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು.

"ಬಾ ಯಜಮಾನ, ಕಾಲು ಎಷ್ಟು ಲಕ್ಷಣವಾಗವೆ!"

ಅವನು ಹೊರಗೆ ಹೋಗಿ ಇನ್ನೊಂದು ಸಲ ಕೆಸರು ತುಳಿದುಕೊಂಡು ಬಂದ.

ಮಧ್ಯಾಹ್ನ ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮನ ಮೇಕೆ ಅವರೆ ಬಳ್ಳಿಗೆ ಬಾಯಿ ಹಾಕಿತು. ಕೋಲು ಹಿಡಿದು ಓಡಿಬಂದ ಮುನಿಯಮ್ಮ ಗಕ್ಕನೆ ನಿಂತಳು.

"ತಿನ್ನವ್ವಾ, ತಿನ್ನು. ಬೇರು ಯಾಕೆ ಬುಟ್ಟೆ?"

ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಬಂದಿದ್ದ ದೊಡ್ಡಲಕ್ಷ್ಮಮ್ಮ ಬೆಪ್ಪಾದಳು. "ಅಕ್ಕಾ, ಒಸಿ ಬಯ್ಯಕ್ಕಾ!"

"ಯಾಕವ್ವ? ಮುದ್ದಾದ ಮೇಕೆ."

"ಅಯ್ಯೋ, ಅಕ್ಕಂಗೆ ಏನೋ ಆಗ್ಬುಟ್ಟೈತೆ ಬನ್ರಪ್ಪೋ!"

ಬೀದಿ ತುಂಬಿತು. ಯಾರೋ ಹಣೆ ಮುಟ್ಟಿ ನೋಡಿದರು. ಇನ್ಯಾರೋ ನೆತ್ತಿಗೆ ನಿಂಬೆಹಣ್ಣು ಉಜ್ಜಿದರು. ತಡೆದಿಟ್ಟ ಬೈಗುಳಕ್ಕೆ ಅವಳ ಮುಖ ಕೆಂಪೇರಿದ್ದು ಕಂಡು ಜ್ವರವೇ ಎಂದು ತೀರ್ಮಾನವಾಯಿತು. ಹರಕೆ ತೀರುವ ಮುಂಚೆ ಹೊತ್ತವರೇ ಅದನ್ನು ಬಾಯಿಬಿಟ್ಟು ಹೇಳಬಾರದೆಂದು ಅವಳ ನಂಬಿಕೆ. ನೀನಾದರೂ ಹೇಳು ಎಂಬಂತೆ ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ಸೂರಿನ ಹೆಂಚು ಎಣಿಸುತ್ತಿದ್ದ.

ಕೊನೆಗೆ ಕೆಂಪರಾಜು ತನ್ನ ಆಟೋ ತಂದ. ಮುನಿಯಮ್ಮನನ್ನು ಎತ್ತಿ ಕೂರಿಸಿ ಮಾಗಡಿ ಆಸ್ಪತ್ರೆಗೆ ಹೊರಟರು. ಊರ ಬಾಗಿಲು ದಾಟುವ ಮೊದಲೇ ಆಟೋ ಕೆಸರಲ್ಲಿ ಹೂತಿತು. ಎಲ್ಲರೂ ತಳ್ಳಿದರು. ಆಗದಿದ್ದಾಗ ರೋಗಿಯೂ ಇಳಿದು ತಳ್ಳಿದಳು. ಚಕ್ರ ಗಿರ್ರನೆ ತಿರುಗಿ, ಕೆಸರೆಲ್ಲ ಅವಳ ಮುಖಕ್ಕೇ ಎರಚಿತು.

ಮುನಿಯಮ್ಮನ ಬಾಯಿ ತೆರೆಯಿತು. ಜನ ಉಸಿರು ಹಿಡಿದರು. ಆಕಾಶ ಕಪ್ಪಾಗಿತ್ತು.

"ಹೊತ್ತು ಮುಳುಗ್ತಾ?" ಎಂದು ಗಂಡನನ್ನು ಕೇಳಿದಳು.

"ಎಲ್ಲೀದು, ಅದು ಮೋಡ ಕಣಮ್ಮಿ," ಎಂದ ಅವನು ನಗು ತಡೆದುಕೊಂಡು.

ಬಾಯಿ ಮುಚ್ಚಿತು. ಮಳೆ ಶುರುವಾಯಿತು. ಅವಳು ಹಲ್ಲು ಕಚ್ಚಿಕೊಂಡು ಆಟೋ ತಳ್ಳುತ್ತಲೇ ಇದ್ದಳು, ಕತ್ತಲಾಗಿ ಬೀದಿದೀಪ ಹತ್ತಿಕೊಳ್ಳುವವರೆಗೆ.

ಹತ್ತಿದ್ದೇ ತಡ, ಮುನಿಯಮ್ಮ ಕೈ ಕೊಡವಿ ಗಂಡನಿಂದ ಶುರುಮಾಡಿದಳು. ಕೆಂಪರಾಜು, ಅವನ ಆಟೋ, ನಿಂಬೆಹಣ್ಣು ಉಜ್ಜಿದವರು, ಯಾರನ್ನೂ ಬಿಡಲಿಲ್ಲ. ದೊಡ್ಡಲಕ್ಷ್ಮಮ್ಮ "ಅಕ್ಕ ಉಷಾರಾದ್ಲು!" ಎಂದು ಕಣ್ಣೊರೆಸಿಕೊಂಡಳು. ಸುರಿಯುವ ಮಳೆಯ ಸದ್ದಿಗೆ ಅರ್ಧಕ್ಕರ್ಧ ಕೇಳಿಸಲೇ ಇಲ್ಲ.

"ಒಸಿ ಜೋರಾಗಿ ಬಯ್ಯಕ್ಕಾ," ಎಂದು ಕೂಗಿದ ಕೆಂಪರಾಜು, "ಹಿಂದಿರೋರ್ಗೆ ಕೇಳ್ತಾ ಇಲ್ಲ!"