ಮೇಷ್ಟ್ರು ಸೇರಿಸಿದ ಸಾಲು

ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಮೇಷ್ಟ್ರು ಆಗತಾನೆ ಹೊಸ ಹಾಡೊಂದರ ಎರಡನೆಯ ಚರಣಕ್ಕೆ ಕೈಹಾಕಿದ್ದರು. ದೋಣಿ ದುರಸ್ತಿಯ ಕಟ್ಟೆಯಿಂದ ಓಡಿಬಂದ ಬಡಗಿ ಬಾಗಿಲಲ್ಲೇ ಏದುಸಿರು ಬಿಡುತ್ತ ನಿಂತ.

"ಮೇಷ್ಟ್ರೇ, ನಿಮ್ಮ ತಂಗಿ ಮಗ ಹೋಗ್ಬಿಟ್ಟ. ದೋಣಿ ಹಿಂದಕ್ಕೆ ಜಾರಿ ಎದೆ ಮೇಲೇ ಬಂತು."

"ಹೇಗೋ ಜಾರ್ತು?"

"ತಡೆಮರ ಇಡೋಕೆ ಅಡಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಎಲ್ಲರೂ ಹಗ್ಗ ಸಡಿಲ ಬಿಟ್ಟಿದ್ರು. ಯಾಕೆ ಬಿಟ್ರೋ, ಒಬ್ಬನಿಗೂ ತಿಳೀತಿಲ್ಲ."

ಮೇಷ್ಟ್ರಿಗೆ ತಿಳಿಯಿತು.

ಆ ಕಟ್ಟೆಯಲ್ಲಿ ಇಪ್ಪತ್ತು ಜನ ಹಾಡುತ್ತ ಹಗ್ಗ ಜಗ್ಗಿ ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆಯುತ್ತಿದ್ದರು. ಮೂರು ಸಾಲು ಹಾಡಿ ಒಂದು ಮೊಳ ಎಳೆದ ಮೇಲೆ, ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಬಾಯಿ ಮುಚ್ಚಿ ಹಗ್ಗ ಬಿಗಿಹಿಡಿದು ನಿಲ್ಲುವುದು ವಾಡಿಕೆ. ಆ ಮೌನದಲ್ಲಿ ಒಬ್ಬನು ದೋಣಿ ಹಿಂದಕ್ಕೆ ಜಾರದ ಹಾಗೆ ಅಡಿಗೆ ತಡೆಮರ ನೂಕಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮತ್ತೆ ಹಾಡು ಎದ್ದಿತೆಂದರೆ ಹಗ್ಗ ಸಡಿಲಿಸಿ ಹೊಸ ಹಿಡಿ ಹಿಡಿಯಬೇಕೆಂದು ಅರ್ಥ.

ಹಿಂದಿನ ವರ್ಷ ರೇಡಿಯೋದವರು ಕೇಳಿದರೆಂದು ಮೇಷ್ಟ್ರು ಕಟ್ಟೆಯ ಮೇಲೆ ಕುಳಿತು ಆ ಹಾಡನ್ನು ಬರೆದುಕೊಂಡಿದ್ದರು. ನಡುವಿನ ಮೌನ ಅವರಿಗೆ ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಅಲ್ಲಿ ತಾವೇ ಒಂದು ಸಾಲು ತುಂಬಿದರು: 'ಬಾರೆ ತಾಯೆ, ದಡವೆ ನಿನಗೆ ತವರು.' ಆಗ ತಡೆಮರ ಇಡುತ್ತಿದ್ದ ಅಳಿಯ ಅಂದಿದ್ದ: "ಮಾವ, ಅಲ್ಲೊಂದು ಉಸಿರು ಬಿಡಬೇಕು."

"ಉಸಿರು ಬಿಡೋದಿದ್ರೆ ಮನೇಲಿ ಬಿಡೋ" ಎಂದು ಮೇಷ್ಟ್ರು ನಕ್ಕಿದ್ದರು. ಯಾಕೆ ಬಿಡಬೇಕೆಂದು ಕೇಳಿರಲಿಲ್ಲ.

ಆ ಸಾಲು ರೇಡಿಯೋದಲ್ಲಿ ಬಂದಾಗ ಕಲ್ಲಿನಂಥ ಗಂಡಸರ ಕಣ್ಣೂ ಒದ್ದೆಯಾಗಿತ್ತು. ಎಲ್ಲರ ಬಾಯಲ್ಲೂ ಅದೇ ನಿಂತಿತು. ನಮ್ಮ ಮಾವ ಬರೆದದ್ದೆಂದು ಅಳಿಯನೇ ಎಲ್ಲರಿಗೂ ಕಲಿಸಿದ. ಅವನ ಕೈ ಚುರುಕು. ಆರು ತಿಂಗಳು ಹೇಗೋ ನಡೆಯಿತು. ಮಂಗಳವಾರದ್ದು ಭಾರದ ದೋಣಿ.

ತಂಗಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಅಣ್ಣನ ಕೈ ಹಿಡಿದುಕೊಂಡು, "ನಿನ್ನ ಸಾಲು ಹಾಡ್ತಾ ಹಾಡ್ತಾನೇ ಹೋದನಂತೆ ಅಣ್ಣ. ಅದೊಂದೇ ನನಗೆ ಸಮಾಧಾನ" ಎಂದಳು. ಮೇಷ್ಟ್ರಿಗೆ ಕೈ ಬಿಡಿಸಿಕೊಳ್ಳುವ ಧೈರ್ಯವೂ ಬರಲಿಲ್ಲ, ಬಾಯಿ ತೆರೆಯುವ ಧೈರ್ಯವೂ ಬರಲಿಲ್ಲ.

ಮೊದಲ ದನಿ ಎತ್ತುವವನನ್ನು ಎಲ್ಲರೂ 'ಗಂಟಲು' ಎಂದು ಕರೆಯುತ್ತಿದ್ದರು. ಅವನು ಹತ್ತಿರ ಬಂದ. "ಶುಕ್ರವಾರ ಇನ್ನೊಂದು ದೋಣಿ ಎಳೀಲೇಬೇಕು ಮೇಷ್ಟ್ರೇ, ನೀರು ಇಳಿಯೋಕೆ ಮುಂಚೆ. ಅವನ ನೆನಪಿಗೆ ನಿಮ್ಮ ಸಾಲು ಎರಡೆರಡು ಸಲ ಹಾಡ್ತೀವಿ."

"ತಡೆಮರಕ್ಕೆ ಯಾರು?"

ಮೂಲೆಯಲ್ಲಿ ಕುಳಿತಿದ್ದ ತಂಗಿಯ ಗಂಡ ತಲೆಯೆತ್ತಿದ. "ನಾನೇ, ಭಾವ. ಮಗನ ಜಾಗ ಬೇರೆಯವರಿಗೆ ಯಾಕೆ?"

ಅವನಿಗೆ ಅರವತ್ತೆರಡು ವಯಸ್ಸು. ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ.

"ಹಳೇ ಧಾಟೀಲೇ ಹಾಡ್ರಪ್ಪ. ಅದೇ ಚೆಂದ" ಎಂದು ಮೇಷ್ಟ್ರು ತೊದಲಿದರು.

"ನೋಡ್ರೋ, ಬರೆದವರೇ ಹೀಗಂತಾರೆ! ದೊಡ್ಡೋರಿಗೆ ಇದೊಂದು ಸಂಕೋಚ" ಎಂದು ಗಂಟಲು ಕಣ್ಣೊರೆಸಿಕೊಂಡ.

ಬುಧವಾರವೆಲ್ಲ ಮೇಷ್ಟ್ರು ಕಿಟಕಿ ಮುಚ್ಚಿಕೊಂಡು ಕುಳಿತರು. ಬೀದಿಯಲ್ಲಿ ತರಕಾರಿಯವಳು ಆ ಸಾಲನ್ನೇ ಗುನುಗಿಕೊಂಡು ಹೋದಳು. ದೇವರ ಮುಂದೆ ಕೈಮುಗಿದರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಹೇಳಿದರೆ ತಂಗಿ ಇಲ್ಲ, ಹೇಳದಿದ್ದರೆ ತಂಗಿಗೆ ಗಂಡನಿಲ್ಲ. ಗುರುವಾರ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ತಂಗಿಯ ಮನೆಗೆ ಹೊರಟರು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದರು.

ತಂಗಿ, ಅವಳ ಗಂಡ, ಗಂಟಲು, ಮೂವರ ಮುಂದೆಯೂ ನಿಂತುಕೊಂಡೇ ಹೇಳಿದರು. "ಹಗ್ಗ ಸಡಿಲ ಮಾಡಿಸಿದ್ದು ನನ್ನ ಸಾಲು. ಸುಮ್ಮನಿರಬೇಕಾದ ಕಡೆ ನಾನು ಹಾಡು ತುಂಬಿದೆ. ಅವನು ಹೇಳಿದ್ದ, ನಾನು ಕೇಳಲಿಲ್ಲ. ನಾಳೆ ಅದನ್ನ ಹಾಡಬೇಡಿ."

ಗಂಟಲು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡ. "ಹೌದು" ಎಂದ ಮೆಲ್ಲಗೆ. "ಆ ಸಾಲು ಬಂದ್ರೆ ಕೈ ತಾನೇ ಸಡಿಲ ಆಗೋದು."

ತಂಗಿ ಎದ್ದು, "ಹೋಗು ಅಣ್ಣ. ನಿನ್ನ ಮುಖ ನೋಡೋಕೆ ಆಗ್ತಿಲ್ಲ" ಎಂದು ಒಳಕ್ಕೆ ಹೋದಳು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಕಟ್ಟೆಯ ದೂರದ ತುದಿಯಲ್ಲಿ ನಿಂತಿದ್ದರು. ಯಾರೂ ಕರೆಯಲಿಲ್ಲ, ಯಾರೂ ಅಟ್ಟಲೂ ಇಲ್ಲ. ಗಂಟಲು ದನಿ ಎತ್ತಿದ. ಒಂದು ಸಾಲು, ಎರಡು, ಮೂರು. ದೋಣಿ ಒಂದು ಮೊಳ ಮೇಲೆ ಬಂತು. ಅಲ್ಲಿ ಹಾಡು ನಿಂತಿತು. ತಂಗಿಯ ಗಂಡ ಮೊಣಕಾಲೂರಿ ಅಡಿಗೆ ಕೈಚಾಚಿದ. ಯಾರಾದರೂ ಮರೆತು ಬಾಯಿ ತೆರೆದರೆ? ಇಪ್ಪತ್ತು ಬಾಯಿಗಳಲ್ಲಿ ಒಂದು ತೆರೆದರೂ ಸಾಕು. ಮೇಷ್ಟ್ರು ತಮ್ಮ ಬಾಯಿಯನ್ನೇ ಅಂಗೈಯಿಂದ ಒತ್ತಿ ಹಿಡಿದುಕೊಂಡರು.

ತಡೆಮರ ಧಡ್ ಎಂದು ಕುಳಿತಿತು. ಕೈ ಹೊರಗೆ ಬಂತು. ಹಾಡು ಎದ್ದಿತು.

ಇನ್ನೂ ಮೂವತ್ತು ಮೊಳ ಇತ್ತು. ಪ್ರತಿ ಮೊಳಕ್ಕೂ ಅದೇ ಮೌನ, ಅದೇ ಭಯ. ಆ ಮೌನಗಳಲ್ಲೇ, ಮೂರು ದಿನಗಳಿಂದ ಬಾರದಿದ್ದ ಪ್ರಾರ್ಥನೆ ಅವರಿಗೆ ತುಂಡುತುಂಡಾಗಿ ಬಂತು. ದೇವರೇ, ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ. ಆ ಹುಡುಗ ನಿನ್ನ ಹತ್ತಿರ ಬಂದಿದ್ದಾನೆ. ಅವನ ಎದೆಯ ಮೇಲಿನ ಭಾರ ಇಳಿಸು. ಅವನು ಹೇಳುವುದನ್ನು ನೀನಾದರೂ ಕಿವಿಗೊಟ್ಟು ಕೇಳು. ಅವನಿಗೆ ಶಾಂತಿ ಕೊಡು, ತಂದೆ.