ಕಪಾಟಿಗೆ ಬಾರದ ಯಂತ್ರಗಳು

ನನ್ನ ರಿಪೇರಿ ಅಂಗಡಿಯ ಬಾಗಿಲ ಪಕ್ಕ ಒಂದು ಕಬ್ಬಿಣದ ಕಪಾಟಿದೆ. ಕೈಯಲ್ಲಾದದ್ದೆಲ್ಲ ಮಾಡಿದರೂ ಉಳಿಯದೆ ಹೋದ ಲ್ಯಾಪ್‌ಟಾಪುಗಳನ್ನು ಅದರಲ್ಲಿ ಪುಸ್ತಕಗಳ ಹಾಗೆ ನಿಲ್ಲಿಸಿಟ್ಟಿದ್ದೇನೆ. ಪ್ರತಿಯೊಂದರ ಬೆನ್ನಿಗೂ ಒಂದು ಚೀಟಿ, ಚೀಟಿಯಲ್ಲಿ ಸತ್ತ ಕಾರಣ. 'ಕಾಫಿ.' 'ಕೀಲು ಮುರಿದು.' 'ಬಿಸಿ.' 'ಮೇಲೆ ಕೂತರು.' ಯಾವ ಲ್ಯಾಪ್‌ಟಾಪು ಕೊಳ್ಳಲಿ ಎಂದು ಕೇಳಿದವರಿಗೆಲ್ಲ ನಾನು ಆ ಕಪಾಟನ್ನೇ ತೋರಿಸುತ್ತಿದ್ದೆ. "ಅಲ್ಲಿ ಯಾವುದು ಕಡಿಮೆ ಇದೆಯೋ ಅದು ತಗೊಳ್ಳಿ. ಅಷ್ಟೇ ಶಾಸ್ತ್ರ." ಇಪ್ಪತ್ತೆರಡು ವರ್ಷ ಹೀಗೇ ಹೇಳಿದೆ. ಯಾರೂ ಬಂದು ಜಗಳವಾಡಲಿಲ್ಲ. ಹಾಗಾಗಿ ನಾನು ಹೇಳುವುದು ಸರಿ ಎಂದೇ ನನಗೆ ಅನ್ನಿಸಿಬಿಟ್ಟಿತ್ತು.

ಆ ಶುಕ್ರವಾರ ಮಧ್ಯಾಹ್ನ ಅಕ್ಕನ ಮಗಳು ಬಂದಾಗಲೂ ನನ್ನ ಬೆರಳು ತಾನಾಗಿಯೇ ಕಪಾಟಿನ ಕಡೆ ಹೋಯಿತು.

ಅವಳಿಗೆ ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳ ತಾಯಿ. ನಮಗೆಲ್ಲ ಇನ್ನೂ ಪುಟ್ಟಿಯೇ. ಮೊದಲು ಸಾಫ್ಟ್‌ವೇರ್ ಬರೆಯುತ್ತಿದ್ದಳು. ಮಕ್ಕಳಾದ ಮೇಲೆ ಆರು ವರ್ಷ ಬಿಟ್ಟಿದ್ದಳು. ಈಗ ಆಸ್ಪತ್ರೆಗಳ ಟೋಕನ್ ಸಾಲು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿ ಅವಳನ್ನು ಕರೆದಿತ್ತು. ಮನೆಯಿಂದಲೇ ಕೆಲಸ, ಆದರೆ ಯಂತ್ರ ನಿಮ್ಮದೇ ಇರಬೇಕು ಎಂಬ ಷರತ್ತು. ಹದಿನೈದು ದಿನದ ಹಿಂದೆ ವಿಡಿಯೋ ಕಾಲಿನಲ್ಲಿ ಪರೀಕ್ಷೆ ನಡೆಯಿತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅವಳ ಹಳೆಯ ಲ್ಯಾಪ್‌ಟಾಪು ಗುಂಯ್ ಎಂದು ಬಿಸಿಯೇರಿ ಕಣ್ಣು ಮುಚ್ಚಿತು. ಮತ್ತೆ ಎದ್ದು ಕೂರಲು ಅದಕ್ಕೆ ಒಂಬತ್ತು ನಿಮಿಷ ಬೇಕಾಯಿತು.

"ಸೋಮವಾರ ಹತ್ತು ಗಂಟೆಗೆ ಇನ್ನೊಂದು ಸಲ ನೋಡ್ತಾರಂತೆ ಮಾವ," ಅಂದಳು. "ಅಲ್ಲಿನ ಮುಖ್ಯಸ್ಥೆ ಒಳ್ಳೆಯವರೇ. ಆದ್ರೆ ಮೂರನೇ ಸಲ ಇರಲ್ಲ ಅಂತಾನೂ ಹೇಳಿದ್ರು."

"ಕೆಲಸ ಇನ್ನೂ ನೆನಪಿದೆಯೇನೇ? ಆರು ವರ್ಷ ಆಯ್ತಲ್ಲ."

"ಕೆಲಸದ ಚಿಂತೆ ನಂಗಿಲ್ಲ. ನಾಲ್ಕು ತಿಂಗಳಿಂದ ದಿನಾ ಕೂತು ಕೈ ಪಳಗಿಸಿಕೊಂಡಿದೀನಿ. ಯಂತ್ರ ಕೈಕೊಡಬಾರದು, ಅಷ್ಟೇ."

ಅವಳ ಹಿಂದೆಯೇ ಅವಳ ಗಂಡ ಒಳಗೆ ಬಂದ. ಔಷಧಿ ಅಂಗಡಿ ಇಟ್ಟುಕೊಂಡವನು. ಸೋಪಿನ ಹೊದಿಕೆಯ ಮೇಲಿನ ಸಣ್ಣಕ್ಷರವನ್ನೂ ಓದದೆ ಸ್ನಾನಕ್ಕೆ ಹೋಗುವವನಲ್ಲ. ನಲವತ್ತೊಂದು ಲ್ಯಾಪ್‌ಟಾಪುಗಳನ್ನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿ ಹೋಲಿಸಿ, ಮೊದಲನೇ ಸ್ಥಾನ ಬಂದದ್ದನ್ನು ಕೊಂಡೂ ಬಿಟ್ಟಿದ್ದ. ಬೇಡವಾದರೆ ಏಳು ದಿನದೊಳಗೆ ವಾಪಸು ಕೊಡಬಹುದಂತೆ. ಪೆಟ್ಟಿಗೆಯಿಂದ ಬೆಳ್ಳಿ ಬಣ್ಣದ, ತಟ್ಟೆಯಷ್ಟು ತೆಳ್ಳಗಿನ ಒಂದು ಯಂತ್ರವನ್ನು ಹೊರತೆಗೆದ.

"ಎತ್ತಿ ನೋಡಿ ಮಾವ. ತೂಕಾನೇ ಇಲ್ಲ!"

"ಇದನ್ನ ಮೇಜಿನ ಮೇಲಿಟ್ಟು ಕೆಲಸ ಮಾಡ್ತಾಳೋ, ತಲೆ ಮೇಲೆ ಹೊತ್ತುಕೊಂಡು ಮಾಡ್ತಾಳೋ ಅಳಿಯಂದಿರೇ?"

ನಾನು ಯಾವ ಲ್ಯಾಪ್‌ಟಾಪನ್ನೂ ಮೊದಲು ಮಗುಚಿ ನೋಡುವವನು. ಇದನ್ನೂ ಮಗುಚಿದೆ. ಒಂದು ತಿರುಪೂ ಕಾಣಲಿಲ್ಲ. ಅಂಟು ಹಾಕಿ ಮುಚ್ಚಿದ್ದರು. ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆಂದು ಅವನ ಕೋಷ್ಟಕದಲ್ಲೇ ಬರೆದಿತ್ತು. ನಾಳೆ ಸಾಲದೆ ಬಂದರೆ ಹೆಚ್ಚಿಸುವ ಹಾಗಿಲ್ಲ. ಈ ಜಾತಿಯವು ಕಪಾಟಿನಲ್ಲಿ ಆರು ಇದ್ದವು.

"ಇದು ಬೇಡ," ಅಂದೆ. "ಇವರ ಕೋಷ್ಟಕದಲ್ಲಿರೋ ಈ ಕಪ್ಪು ಬಣ್ಣದ ಮಾಡೆಲು ತಗೋ. ಕಪಾಟಲ್ಲಿ ಒಂದಾದ್ರೂ ಇದೆಯಾ ನೋಡು. ಇಲ್ಲ. ಕೆಳಗಿನ ಸಾಲಲ್ಲಿದೆಯಲ್ಲ, ಬೂದು ಬಣ್ಣದ ದಪ್ಪ ಮಾಡೆಲು, ಅದರ ತಂಟೆಗೆ ಮಾತ್ರ ಹೋಗಬೇಡ. ಹನ್ನೊಂದು ಸತ್ತಿವೆ."

ಪುಟ್ಟಿ ಸೀದಾ ಹೋಗಿ ಕಪಾಟಿನ ಮುಂದೆ ನೆಲದ ಮೇಲೆ ಕೂತಳು. ಒಂದೊಂದನ್ನೇ ಎಳೆದು ಚೀಟಿ ಓದಿದಳು. ಚಿಕ್ಕವಳಿದ್ದಾಗ ನನ್ನ ಪೆಟ್ಟಿಗೆಯ ತಿರುಪುಗಳನ್ನು ಹೀಗೇ ಕೂತು ಜೋಡಿಸುತ್ತಿದ್ದಳು. ಹತ್ತು ನಿಮಿಷ ಕಳೆದ ಮೇಲೆ ತಲೆಯೆತ್ತಿದಳು.

"ಮಾವ, ಈ ಹನ್ನೊಂದರ ಬೆನ್ನಿಗೂ ಒಂದೇ ಆಫೀಸಿನ ಅಂಟುಚೀಟಿ ಇದೆ."

"ಹೌದು. ಆ ವಿಮೆ ಆಫೀಸಿಂದು."

"ಅವರು ಒಟ್ಟು ಎಷ್ಟು ತಗೊಂಡಿದ್ರು?"

ನಾನು ಯೋಚಿಸಿದೆ. "ಇನ್ನೂರು ಇರಬೇಕು. ಎಂಟು ವರ್ಷದ ಹಿಂದೆ."

"ಉಳಿದವು?"

"ಉಳಿದವು ಅಲ್ಲೇ ಇವೆ. ಜನ ಇನ್ನೂ ಅದರಲ್ಲೇ ಕೆಲಸ ಮಾಡ್ತಿದಾರೆ..." ಎನ್ನುತ್ತಿದ್ದ ಹಾಗೆ ನನ್ನ ದನಿ ತಾನಾಗಿಯೇ ಇಳಿಯಿತು.

"ಅಂದ್ರೆ ಎಂಟು ವರ್ಷದಲ್ಲಿ ಇನ್ನೂರರಲ್ಲಿ ಹನ್ನೊಂದು. ಸರಿ, ಈ ಕಪ್ಪು ಮಾಡೆಲನ್ನ ನೀವು ಯಾರ ಕೈಯಲ್ಲಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಜಾಹೀರಾತಿನಲ್ಲಿ ನೋಡಿದ್ದೆ.

"ಯಾರೂ ಕೊಳ್ಳದಿದ್ರೆ ಸಾಯೋದೆಲ್ಲಿ ಮಾವ? ನಿಮ್ಮ ಕಪಾಟಲ್ಲಿ ಸತ್ತವು ಮಾತ್ರ ಇವೆ. ಬದುಕಿರೋವು ಯಾಕೆ ಬರ್ತವೆ ಇಲ್ಲಿಗೆ?"

ಅಳಿಯ ನಗು ತಡೆಯಲಾಗದೆ ನೋಟ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ನಾನು ಸೋಲೊಪ್ಪುವ ಮೊದಲು ಬಿಡಿಭಾಗದ ವ್ಯಾಪಾರಿಗೆ ಫೋನು ಹಚ್ಚಿದೆ. ಆ ಕಪ್ಪು ಮಾಡೆಲಿನ ಬ್ಯಾಟರಿ ಇದೆಯೇ ಎಂದು ಕೇಳಿದೆ.

"ಯಾವ ಪುಣ್ಯಾತ್ಮ ತಗೊಂಡ ಅಣ್ಣಾ ಅದನ್ನ?" ಅಂದ ಅವನು. "ತರಿಸಬೇಕು. ಐದು ವಾರ. ಬಂದ್ರೆ."

"ಬೂದು ಬಣ್ಣದ್ದು?"

"ಅದಾ? ಕೈ ಚಾಚಿದ್ರೆ ಸಿಗುತ್ತೆ. ಬೇಕಾ?"

ಫೋನು ಇಟ್ಟೆ. ಇಪ್ಪತ್ತೆರಡು ವರ್ಷದ ಶಾಸ್ತ್ರ ಅರ್ಧ ಗಂಟೆಯಲ್ಲಿ ನೆಲಕಚ್ಚಿತ್ತು. ಬೇಸರವಾಯಿತೇ ಎಂದರೆ ಸ್ವಲ್ಪ ಆಯಿತು. ಆದರೆ ಇಂಥ ತಲೆಯಿರುವವಳಿಗೆ ಕೆಲಸ ಕೊಡದ ಕಂಪನಿಗೆ ಕಣ್ಣಿರಲಾರದು ಎಂದೂ ಅನ್ನಿಸಿತು.

ಬೂದು ಮಾಡೆಲಿನ ಈ ವರ್ಷದ ಯಂತ್ರವನ್ನು ಮಾರುವವನು ನನಗೆ ಹಳೆಯ ಪರಿಚಯ. ಭಾನುವಾರ ಸಂಜೆವರೆಗೆ ಇಟ್ಟುಕೊಂಡು ನೋಡಿ ಅಂದ. ಶನಿವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಎರಡು ಯಂತ್ರಗಳು ಅಕ್ಕಪಕ್ಕ ಕೂತವು: ಅಳಿಯನ ಬೆಳ್ಳಿ, ಪುಟ್ಟಿಯ ಬೂದು.

"ಈಗ ಬೇಯಿಸೋಣ," ಅಂದೆ. ರಿಪೇರಿ ಮಾಡಿದ ಯಂತ್ರವನ್ನು ನಾನು ಹಾಗೇ ಕೊಟ್ಟು ಕಳಿಸುವುದಿಲ್ಲ. ಮೂರು ಗಂಟೆ ಭಾರದ ಕೆಲಸ ಹಚ್ಚಿ, ಅಂಗೈ ಇಟ್ಟು ನೋಡಿ, ಆಮೇಲೆ ಕೊಡುತ್ತೇನೆ. ಅದಕ್ಕೆ ನಮ್ಮಲ್ಲಿ ಬೇಯಿಸುವುದು ಅನ್ನುತ್ತೇವೆ.

"ಬೇಯಿಸೋಣ, ಆದ್ರೆ ನಂದೇ ಕೆಲಸ ಹಾಕಿ," ಅಂದಳು ಪುಟ್ಟಿ. ಬರೆದ ಸಾವಿರಾರು ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ಓಡುವ ಪ್ರೋಗ್ರಾಮಾಗಿ ಕಟ್ಟುವುದಕ್ಕೆ ಅವರು ಬಿಲ್ಡ್ ಅನ್ನುತ್ತಾರೆ. ಹಳೆಯ ಯಂತ್ರ ಕಣ್ಣು ಮುಚ್ಚಿದ್ದು ಆ ಬಿಲ್ಡಿನ ನಡುವೆಯೇ. "ಒಂದು ಸಲ ಮಾಡಿ ಬಿಟ್ರೆ ಏನೂ ಗೊತ್ತಾಗಲ್ಲ. ದಿನಕ್ಕೆ ನಲವತ್ತು ಸಲ ಮಾಡ್ತೀನಿ ನಾನು. ಹತ್ತು ಸಲ ಬಿಡದೆ ಓಡಿಸೋಣ. ಜೊತೆಗೆ ವಿಡಿಯೋ ಕಾಲೂ ನಡೀತಿರಲಿ, ಬ್ರೌಸರಲ್ಲಿ ಇಪ್ಪತ್ತು ಪುಟ ತೆರೆದಿರಲಿ. ನನ್ನ ದಿನ ಇರೋದೇ ಹಾಗೆ."

ಮೊದಲನೇ ಸಲ ಬೆಳ್ಳಿ ಮೂರು ನಿಮಿಷದಲ್ಲಿ ಮುಗಿಸಿತು. ಬೂದು ನಾಲ್ಕು ನಿಮಿಷ ತೆಗೆದುಕೊಂಡಿತು.

"ನೋಡಿದ್ರಾ!" ಅಳಿಯ ಎದ್ದೇ ನಿಂತ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಮೂರನೇ ಸಲಕ್ಕೆ ಬೆಳ್ಳಿಯೂ ನಾಲ್ಕು ನಿಮಿಷಕ್ಕೆ ಬಂತು. ಆರನೇ ಸಲಕ್ಕೆ ಐದೂವರೆ. ಅಂಗೈ ಇಟ್ಟೆ; ಕೀಬೋರ್ಡಿನ ಮೇಲ್ಭಾಗ ಇಸ್ತ್ರಿಪೆಟ್ಟಿಗೆಯ ಹಾಗಿತ್ತು. ಇಷ್ಟು ತೆಳ್ಳಗಿನ ಮೈಯಲ್ಲಿ ಬಿಸಿ ಹೊರಗೆ ಹೋಗಲು ದಾರಿ ಎಲ್ಲಿದೆ? ಸುಟ್ಟುಹೋಗಬಾರದೆಂದು ಯಂತ್ರವೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಹತ್ತನೇ ಸಲ ಏಳು ನಿಮಿಷ ಹಿಡಿಯಿತು. ವಿಡಿಯೋದಲ್ಲಿ ನನ್ನ ಮುಖ ಬಾಯಿ ತೆರೆದ ಸ್ಥಿತಿಯಲ್ಲೇ ನಿಂತುಬಿಟ್ಟಿತು.

"ಮಾವ ಇದರಲ್ಲೇ ಚೆನ್ನಾಗಿ ಕಾಣ್ತಾರೆ," ಅಂದ ಅಳಿಯ, ಆದರೆ ಅವನ ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ.

ಬೂದು ಹತ್ತನೇ ಸಲವೂ ನಾಲ್ಕು ನಿಮಿಷ. ಮೇಲೆ ಹನ್ನೆರಡು ಸೆಕೆಂಡು. ಫ್ಯಾನು ಸದ್ದು ಮಾಡುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅಂಗೈ ಆರಾಮಾಗಿತ್ತು. ಮಗುಚಿ ಆರು ತಿರುಪು ಬಿಚ್ಚಿದೆ. ಮೆಮೊರಿಗೆ ಇನ್ನೊಂದು ಜಾಗ ಖಾಲಿ, ಬ್ಯಾಟರಿ ಕೈಯಲ್ಲೇ ಎತ್ತಿ ತೆಗೆಯುವಂಥದ್ದು.

ಪುಟ್ಟಿ ಕೀಬೋರ್ಡಿನ ಮುಂದೆ ಕೂತು ಎರಡು ಪುಟ ಏನೋ ಟೈಪು ಮಾಡಿದಳು. "ಬೆರಳು ಹುಡುಕಾಡಲ್ಲ ಇದರಲ್ಲಿ," ಅಂದಳು. ಗಂಡನ ಕಡೆ ತಿರುಗಿ, "ನಿಮ್ಮದು ನೋಡೋಕೆ ಚೆಂದ ಇದೆ ರೀ. ನಾನೂ ಇದೀನಲ್ಲ ಮನೇಲಿ ಚೆಂದಕ್ಕೆ, ಸಾಕು. ಇದನ್ನೇ ತಗೋತೀನಿ."

ಅವನು ನೋಟ್‌ಬುಕ್ಕು ಮುಚ್ಚಿ ಬೆಳ್ಳಿಯನ್ನು ಪೆಟ್ಟಿಗೆಗೆ ಹಾಕಿದ. ಇಂಥ ಗಂಡಸರು ಕಡಿಮೆ. ಲೆಕ್ಕ ತಪ್ಪಿದರೆ ಲೆಕ್ಕದ ಮೇಲೆ ಸಿಟ್ಟಾಗುತ್ತಾರೆಯೇ ಹೊರತು ಹೆಂಡತಿಯ ಮೇಲೆ ಅಲ್ಲ.

ಅವರು ಹೋದ ಮೇಲೆ ಆ ಹನ್ನೊಂದನ್ನೂ ನಾನು ಮತ್ತೆ ಎಳೆದು ನೋಡಿದೆ. ಒಂಬತ್ತರ ಚೀಟಿಯಲ್ಲಿ ಒಂದೇ ಕಾರಣ: 'ಚಾರ್ಜಿಂಗ್ ಪಿನ್ನು.' ನೆನಪಾಯಿತು. ಆ ಆಫೀಸಿನಲ್ಲಿ ದಿನಾ ಬೆಳಿಗ್ಗೆ ನೆಲ ಒರೆಸುವಾಗ ಒರೆಸುವ ಕೋಲು ಚಾರ್ಜರಿನ ವೈರಿಗೆ ಸಿಕ್ಕಿ ಎಳೆಯುತ್ತಿತ್ತು. ಪಿನ್ನು ಮುರಿದು, ಮುರಿದದ್ದನ್ನೇ ಒತ್ತಿ ಒತ್ತಿ ಬೋರ್ಡು ಸುಟ್ಟಿತ್ತು. ಅಂದರೆ ಯಂತ್ರ ಗಟ್ಟಿ, ಒಂದೇ ಕಡೆ ಮೆತ್ತಗೆ. ಸತ್ತವುಗಳನ್ನು ಎಣಿಸಿ ಕೂರುವ ಬದಲು ಅವು ಹೇಳುವುದನ್ನು ಕೇಳಿದ್ದರೆ ಇದು ನನಗೆ ಎಂದೋ ತಿಳಿಯುತ್ತಿತ್ತು.

ಭಾನುವಾರ ಅಕ್ಕನ ಮನೆಗೆ ಹೋದೆ. ಪುಟ್ಟಿಯ ಮನೆಯೂ ಅದೇ ಕಟ್ಟಡದಲ್ಲಿ, ಒಂದು ಮಹಡಿ ಮೇಲೆ. ಗೇಣುದ್ದದ ಒಂದು ಜೋಡಣೆಯ ವೈರು ಮಾಡಿಕೊಂಡು ಹೋಗಿದ್ದೆ. ಅದರ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಚಾರ್ಜರಿಗೆ. ಚಾರ್ಜರು ಸೇರುವ ಕಡೆಯ ಕೊಂಡಿಯನ್ನು ಬೇಕೆಂದೇ ಸ್ವಲ್ಪ ಸಡಿಲ ಮಾಡಿದ್ದೆ, ವೈರನ್ನು ಪುಟ್ಟಿಯ ಮೇಜಿನ ಅಂಚಿಗೆ ಕ್ಲಿಪ್ಪು ಹಾಕಿ ಕೂರಿಸಿದೆ.

"ಯಾರಾದ್ರೂ ಎಡವಿದ್ರೆ ಕೊಂಡಿ ಬಿಟ್ಟುಕೊಳ್ಳುತ್ತೆ. ಪಿನ್ನಿಗೆ ಪೆಟ್ಟು ಬೀಳಲ್ಲ," ಅಂದೆ.

"ಯಾರು ಎಡವ್ತಾರೆ? ಸೋಮವಾರ ಮಕ್ಕಳನ್ನ ಶಾಲೆಗೆ ಕಳಿಸಿ, ನಾನೇ ಮೇಲೆ ಹೋಗಿ ಕಾವಲು ಕೂತಿರ್ತೀನಿ," ಅಂದಳು ಅಕ್ಕ. "ಒಂದು ಸೊಳ್ಳೇನೂ ಒಳಗೆ ಬಿಡಲ್ಲ."

ಸೋಮವಾರ ಅಂಗಡಿ ತೆರೆದು ಒಂದು ಹಳೆಯ ಪ್ರಿಂಟರು ಬಿಚ್ಚಿಕೊಂಡು ಕೂತೆ. ಹತ್ತು ಗಂಟೆ ಆಯಿತು. ಹತ್ತೂವರೆಯಾಯಿತು. ಹತ್ತು ಮುಕ್ಕಾಲಿಗೆ ಫೋನು. ಅಕ್ಕ.

"ಏ..." ಎಂದು ಪಿಸುಗುಟ್ಟಿದಳು. "ಕೊಂದುಬಿಟ್ಟೆ ಕಣೋ."

"ಯಾರನ್ನೇ?"

"ಲ್ಯಾಪ್‌ಟಾಪನ್ನ! ಸುಮ್ಮನೆ ಕೂತಿದ್ದೆ, ಬೇಜಾರಾಯ್ತು, ಬಾಗಿಲ ಹತ್ರ ಸ್ವಲ್ಪ ಧೂಳಿತ್ತು. ಒರೆಸ್ತಾ ಒರೆಸ್ತಾ ಮೇಜಿನ ತನಕ ಬಂದೆ. ಕೋಲು ವೈರಿಗೆ ಸಿಕ್ಕಿ ಎಳೀತು, ಟಪ್ ಅಂತ ಕಿತ್ತು ಬಂತು. ವೈರು ನನ್ನ ಕೈಯಲ್ಲಿದೆ ನೋಡು!"

ನನ್ನ ಕೈಯಲ್ಲಿದ್ದ ತಿರುಪು ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಆದರೂ ದನಿ ಏರಿಸಲಿಲ್ಲ. "ಅಕ್ಕಾ, ಪರದೆ ಬೆಳಗ್ತಿದೆಯಾ?"

"ಬೆಳಗ್ತಿದೆ."

"ಪುಟ್ಟಿ ಏನು ಮಾಡ್ತಿದಾಳೆ?"

"ಮಾತಾಡ್ತಿದಾಳೆ. ಅವರಿಗೆ ಏನೋ ತೋರಿಸ್ತಿದಾಳೆ. ಆ ಹೆಂಗಸು ತಲೆ ಆಡಿಸ್ತಿದಾಳೆ."

"ಮೇಜಿನ ಅಂಚಲ್ಲಿ ಗೇಣುದ್ದ ವೈರು ಉಳಿದಿದೆಯಾ?"

"ಇದೆ."

"ಹಾಗಾದ್ರೆ ಏನೂ ಆಗಿಲ್ಲ. ಬ್ಯಾಟರಿಯಲ್ಲಿ ಐದು ಗಂಟೆ ಓಡುತ್ತೆ ಅದು. ವೈರು ಕೆಳಗಿಡು. ಕೋಲು ಹೊರಗಿಡು. ನೀನೂ ಹೊರಗೆ ಕೂರು."

ಅಕ್ಕ ಹೊರಗೆ ಬಂದು ಬಾಗಿಲು ಎಳೆದುಕೊಂಡ ಸದ್ದು ಕೇಳಿತು. "ನನಗೋಸ್ಕರಾನೇ ಮಾಡಿದ್ಯೇನೋ ಅದನ್ನ?"

"ಛೆ, ಸೊಳ್ಳೆಗೋಸ್ಕರ."

ಸಂಜೆ ಪುಟ್ಟಿ ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಹೇಳುವ ಮೊದಲೇ ತಿಳಿಯಿತು. ನಾಳೆಯಿಂದಲೇ ಕೆಲಸ. ಬಿಲ್ಡ್ ಅವರ ಕಣ್ಣೆದುರೇ ಮೂರು ಸಲ ನಡೆಯಿತಂತೆ, ಮೂರು ಸಲವೂ ನಾಲ್ಕು ನಿಮಿಷ. ಕೊನೆಗೆ ಮುಖ್ಯಸ್ಥೆ, ನಡುವೆ ನಿಮ್ಮ ಹಿಂದೆ ಒಬ್ಬರು ಕೋಲು ಹಿಡಿದು ಕಲ್ಲಿನ ಹಾಗೆ ನಿಂತಿದ್ದರಲ್ಲ, ಅವರು ಕ್ಷೇಮವೇ ಎಂದು ಕೇಳಿದರಂತೆ.

"ಏನಂದೆ?"

"ನಮ್ಮಮ್ಮ, ಕಾವಲಿಗಿದಾರೆ ಅಂದೆ."

ಅವಳ ಕೈಯಲ್ಲಿ ಹಳೆಯ ಲ್ಯಾಪ್‌ಟಾಪು ಇತ್ತು. ಈಗ ಅದು ಏಳುವುದೇ ಇಲ್ಲವೆಂದು ಕಪಾಟಿಗೆ ತಂದಿದ್ದಳು. ಬಿಚ್ಚಿದೆ. ಫ್ಯಾನಿನ ತುಂಬ ಹೊದಿಕೆಯ ನೂಲೆಳೆ, ಹತ್ತಿಯ ಉಂಡೆಯ ಹಾಗೆ. ಮಕ್ಕಳನ್ನು ಮಲಗಿಸಿ ಹಾಸಿಗೆಯ ಮೇಲೇ ಇಟ್ಟುಕೊಂಡು ನಾಲ್ಕು ತಿಂಗಳು ಕೈ ಪಳಗಿಸಿದ್ದು ಅದರಲ್ಲೇ. ಬೋರ್ಡು ಕಂದಿಹೋಗಿತ್ತು. ಚೀಟಿ ತೆಗೆದು 'ಬಿಸಿ, ಹೊದಿಕೆಯಿಂದ' ಎಂದು ಬರೆದೆ. ಆಮೇಲೆ, ಯಾವತ್ತೂ ಬರೆಯದ ಒಂದು ಸಾಲು ಸೇರಿಸಿದೆ: 'ವಯಸ್ಸು ಹತ್ತು. ದುಡಿದು ಸತ್ತದ್ದು.'

"ಮಿಕ್ಕವಕ್ಕೂ ವಯಸ್ಸು ಬರೀಬೇಕು ಮಾವ," ಅಂದಳು ಪುಟ್ಟಿ. "ಅವುಗಳ ಜೊತೆ ಕೊಂಡವು ಎಷ್ಟು ಬದುಕಿವೆ ಅಂತಾನೂ."

"ನೂರಾ ಮೂವತ್ತಿವೆ ಕಣೇ ಇಲ್ಲಿ!"

"ನಿಮಗೆ ಪುರುಸೊತ್ತಿದೆ. ನಂಗೆ ನಾಳೆಯಿಂದ ಕೆಲಸ."

ಪೆನ್ನಿನ ಮುಚ್ಚಳ ತೆಗೆದು ಕೆಳಗಿನ ಸಾಲಿನಿಂದಲೇ ಶುರು ಮಾಡಿದೆ.