ಎಂಟನೆಯ ಲಿವರಿನ ಬಳೆ

ನಾನು ಒಂದು ಕಬ್ಬಿಣದ ಬಳೆ. ಕೈಗೆ ತೊಡುವ ಬಳೆಯಲ್ಲ. ರೈಲ್ವೆಯ ಪುಸ್ತಕದಲ್ಲಿ ನನ್ನ ಹೆಸರು ಲಿವರ್ ಕಾಲರ್ ಎಂದಿದೆ. ಸ್ಟೇಷನ್ನಿನ ಜನ ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಅವರಿಗೆ ನಾನು ಬಳೆ.

ಹಳೆಯ ಹಳಿಯ ತುಂಡೊಂದನ್ನು ಕಾಯಿಸಿ ಬಡಿದು ನನ್ನನ್ನು ಮಾಡಿದರು. ಬಡಿದವನ ಹೆಸರು ನನಗೆ ತಿಳಿಯದು. ಅವನ ಬೆವರು ನನ್ನ ಮೇಲೆ ಬಿದ್ದು ಚುರ್ ಎಂದದ್ದು ನೆನಪಿದೆ. ಕೆಂಪು ಬಣ್ಣ ಬಳಿದು, ಒಣಗುವ ಮೊದಲೇ ಗೋಣಿಚೀಲಕ್ಕೆ ಹಾಕಿ ಗೂಡ್ಸ್ ಗಾಡಿಯಲ್ಲಿ ಕಳಿಸಿಬಿಟ್ಟರು. ಆದ್ದರಿಂದ ನನ್ನ ಒಂದು ಬದಿಯಲ್ಲಿ ಗೋಣಿಯ ನೇಯ್ಗೆಯ ಗುರುತು ಬಣ್ಣ ಇರುವವರೆಗೂ ಉಳಿಯಿತು.

ನಾನು ಬಂದು ಸೇರಿದ್ದು ಕರಡಿಕಟ್ಟೆ ಎಂಬ ಸಣ್ಣ ಸ್ಟೇಷನ್ನಿಗೆ. ಎರೆಭೂಮಿಯ ನಡುವೆ ಎರಡು ಬೇವಿನ ಮರ, ಒಂದು ಪ್ಲಾಟ್‌ಫಾರ್ಮು, ಸ್ಟೇಷನ್ ಮಾಸ್ತರರ ಕೋಣೆ. ಕೋಣೆಯ ಪಕ್ಕದಲ್ಲಿಯೇ ಆಳೆತ್ತರದ ಹನ್ನೆರಡು ಲಿವರುಗಳು ಸಾಲಾಗಿ ನಿಂತಿದ್ದವು. ಎಂಟನೆಯದನ್ನು ಎಳೆದರೆ ಪೂರ್ವಕ್ಕೆ ಹೊರಡುವ ಗಾಡಿಗೆ ಸಿಗ್ನಲ್ ಬೀಳುತ್ತಿತ್ತು. ಪೂರ್ವದ ಹಳಿಯ ಮೇಲೆ ಜನ ಕೆಲಸ ಮಾಡುವಾಗ ಆ ಲಿವರಿನ ಹಿಡಿಕೆಗೆ ನನ್ನನ್ನು ತೊಡಿಸುತ್ತಿದ್ದರು. ಆಗ ಹಿಡಿಕೆಯನ್ನು ಅದುಮಲು ಬರುವುದಿಲ್ಲ, ಲಿವರ್ ಕದಲುವುದಿಲ್ಲ, ಗಾಡಿ ಹೊರಡುವುದಿಲ್ಲ. ಮನುಷ್ಯನಿಗೆ ಮರೆವು ಉಂಟೆಂದು ಬಲ್ಲ ಯಾರೋ ಹಿರಿಯರು ನನ್ನನ್ನು ಯೋಚಿಸಿ ಮಾಡಿರಬೇಕು. ಮರೆವಿಗೆ ಮಾತ್ರ ನಾನು ಮದ್ದು. ಉಳಿದದ್ದಕ್ಕೆ ಅಲ್ಲ. ಇದು ನನಗೆ ತಡವಾಗಿ ತಿಳಿಯಿತು.

ನನ್ನ ಮೊದಲ ಯಜಮಾನರು ಗಲಗಲಿ ಮಾಸ್ತರರು. ಹಣೆಗೆ ಅಂಗಾರ, ಅಕ್ಷತೆ. ಬಾಯಲ್ಲಿ ಸದಾ ಯಾವುದೋ ಸ್ತೋತ್ರ. ಲಿವರ್ ಎಳೆಯುವವನು ದ್ಯಾವಪ್ಪ. ಅವನು ನನ್ನನ್ನು ತೊಡಿಸುವ ಮೊದಲೂ ತೆಗೆದ ಮೇಲೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಯಾರೂ ಅವನಿಗೆ ಅದನ್ನು ಕಲಿಸಿರಲಿಲ್ಲ. ಅವನ ತಮ್ಮ ಹನಮಂತ ಹಳಿಯ ಗ್ಯಾಂಗಿನಲ್ಲಿದ್ದ. ನಾನು ಲಿವರಿನ ಮೇಲಿದ್ದಷ್ಟು ಹೊತ್ತು ಆ ತಮ್ಮನ ಜೀವ ನನ್ನ ಸುತ್ತಳತೆಯೊಳಗೆ ಇರುತ್ತಿತ್ತು.

ಕೆಲಸ ಮುಗಿಯಿತೆಂದು ಗ್ಯಾಂಗಿನ ಮಿಸ್ತ್ರಿ ಹುಸೇನಸಾಬರು ತಾವೇ ಸ್ಟೇಷನ್ನಿಗೆ ಬರಬೇಕು, ಕಾಗದದ ಮೇಲೆ ಸಹಿ ಹಾಕಬೇಕು. ಗಲಗಲಿ ಮಾಸ್ತರರು ಆಮೇಲೆ ನನ್ನನ್ನು ತೆಗೆಸುತ್ತಿದ್ದರು. ಮೂರು ಕಿಲೋಮೀಟರ್ ಬಿಸಿಲಿನಲ್ಲಿ ನಡೆದು ಬಂದ ಹುಸೇನಸಾಬರು ಗೊಣಗುತ್ತಿದ್ದರು.

“ಮಾಸ್ತರ್ರ, ಹುಡುಗನ್ನ ಕಳಿಸಿದ್ರ ನಡೀದಿಲ್ಲೇನ್ರೀ? ನಂದೇನು ಲಗ್ನದ ಮಾರಿ ಏನು, ನೋಡಾಕ?”

“ನಿನ್ನ ಮಾರಿ ನೋಡದ ನಾ ಲೈನ್ ಬಿಡಂಗಿಲ್ಲೋ ಸಾಬ. ನೀನು ಇಲ್ಲಿ ಕೂತೀ ಅಂದ್ರ ಹಳಿ ಮ್ಯಾಲೆ ಇಲ್ಲ ಅಂತ ಖಾತ್ರಿ ಆಗ್ತದ. ನೀರು ಕುಡಿ.”

ಕಂಟ್ರೋಲ್ ಆಫೀಸಿನಿಂದ ಫೋನು ಬಯ್ಯುತ್ತಿತ್ತು. “ಗಲಗಲಿಯವರ, ನಿಮ್ಮ ಸ್ಟೇಷನ್ನಿನ್ಯಾಗ ಗಾಡಿ ನಿಂತು ನಿಂತು ಮುದುಕ ಆಗ್ತಾವ ನೋಡ್ರಿ.” ಮಾಸ್ತರರು ಫೋನನ್ನು ಕಿವಿಯಿಂದ ದೂರ ಹಿಡಿದು ಸ್ತೋತ್ರ ಮುಂದುವರಿಸುತ್ತಿದ್ದರು. ಅವರ ಹನ್ನೊಂದು ವರ್ಷಗಳಲ್ಲಿ ನನ್ನ ಕಾವಲಿನಲ್ಲಿ ಯಾರಿಗೂ ಗಾಯವಾಗಲಿಲ್ಲ. ನಿವೃತ್ತಿಯ ದಿನ ಅವರಿಗೆ ಒಂದು ಹಾರ ಹಾಕಿದರು. ಅವರು ಗಾಡಿ ಹತ್ತಿದ ಮೇಲೆ ಹಾರ ಹಾಕಿದವರೇ, “ಒಳ್ಳೆಯವರು, ಆದರ ಭಾಳ ನಿಧಾನ” ಎಂದರು.

ನಂತರ ಬಂದವರು ಕೊಣ್ಣೂರ ಮಾಸ್ತರರು. ಅವರನ್ನು ಕೆಟ್ಟವರೆಂದು ಹೇಳಲಾರೆ. ಹೇಳುವಂತಿದ್ದರೆ ನನ್ನ ಕಥೆ ಸುಲಭವಾಗುತ್ತಿತ್ತು. ಚುರುಕಿನ ಮನುಷ್ಯ, ಹಸಿದವರಿಗೆ ತನ್ನ ಡಬ್ಬಿಯನ್ನು ಬಿಚ್ಚಿ ಕೊಡುವಂಥವರು. ಹುಸೇನಸಾಬರು ಬೆವರು ಒರೆಸಿಕೊಳ್ಳುತ್ತ ಬಂದದ್ದನ್ನು ಕಂಡು ಅವರ ಕರುಳು ಮರುಗಿತು.

“ಚಾಚಾ, ಈ ವಯಸ್ಸಿನ್ಯಾಗ ಇಷ್ಟು ಯಾಕ ನಡೀತೀರಿ? ಕಂಬದ ತಂತಿಗೆ ಫೋನ್ ಸಿಗಿಸಿ ಅಲ್ಲಿಂದನ ನಂಬರ್ ಹೇಳ್ರಿ.”

ಆ ನಂಬರು ಎಂದರೆ ಒಂದು ಆಣೆಯಿದ್ದಂತೆ. ಮಿಸ್ತ್ರಿಯ ಬಳಿ ಒಂದು ಹಾಳೆ ಇರುತ್ತಿತ್ತು. ಅದರಲ್ಲಿ ಎರಡಂಕಿಯ ಸಂಖ್ಯೆಗಳು. ಬೇರೆ ಯಾರಿಗೂ ತಿಳಿಯದ ಆ ಸಂಖ್ಯೆಯನ್ನು ಹೇಳಿದರೆ ‘ನಾನೇ ಹೇಳುತ್ತಿದ್ದೇನೆ, ಹಳಿ ಸರಿಯಾಗಿದೆ, ಜನ ದೂರ ನಿಂತಿದ್ದಾರೆ’ ಎಂದು ಅರ್ಥ. ಮಾಸ್ತರರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರೆ ಆಣೆ ಮುಗಿಯಿತು, ನನ್ನನ್ನು ತೆಗೆಯಬಹುದು. ಫೋನಿನಲ್ಲಿ ಹೇಳುವುದಕ್ಕೂ ನಿಯಮದ ಒಪ್ಪಿಗೆಯಿತ್ತು. ಹಾಗೆ ಒಂದು ವರ್ಷ ನಡೆಯಿತು.

ಆದರೆ ಆ ಫೋನು ಮೂರು ಸಲ ತಿರುಗಿಸಿದರೆ ಒಂದು ಸಲ ಮಾತಾಡುವಂಥದು. ಆದ್ದರಿಂದ ಮತ್ತೊಂದು ಉಪಾಯ ಹುಟ್ಟಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೇ ಹುಸೇನಸಾಬರು ಎರಡು ನಂಬರುಗಳನ್ನು ಕೊಡಲಾರಂಭಿಸಿದರು: ಲೈನ್ ಮುಚ್ಚುವುದಕ್ಕೆ ಒಂದು, ಬಿಡುವುದಕ್ಕೆ ಒಂದು. ಎರಡನೆಯದನ್ನು ಮಾಸ್ತರರು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವರು. ಕೆಲಸ ಮುಗಿದಾಗ ಗ್ಯಾಂಗಿನವನೊಬ್ಬ, ಪೂರ್ವದ ಹಳಿ ಹಾದುಹೋಗುವ ಕಣಿವೆಯ ಸ್ಟೇಷನ್ ಕಡೆಯ ಬಾಯಿಗೆ ಬಂದು ಹಸಿರು ಬಾವುಟ ಬೀಸುವನು. ದ್ಯಾವಪ್ಪ ಕಿಟಕಿಯಿಂದ ನೋಡಿ, “ಬೀಸಿದ್ರೀ” ಎನ್ನುವನು. ಪೆನ್ಸಿಲಿನ ಮೇಲೆ ಶಾಯಿ ಏರುವುದು.

ಮಳೆಗಾಲ ಬಂತು. ಕಣಿವೆಯ ಬಾಯಿಯಲ್ಲಿ ಜಾಲಿ ಬೆಳೆಯಿತು. ಜಾಲಿ ಕಡಿಯುವುದು ಗ್ಯಾಂಗಿನ ಕೆಲಸ. ಗ್ಯಾಂಗಿನಲ್ಲಿ ಹದಿನಾಲ್ಕು ಜನರಿರಬೇಕಾದಲ್ಲಿ ಒಂಬತ್ತು ಜನರಿದ್ದರು. ಜಾಲಿ ಬೆಳೆಯುತ್ತಲೇ ಹೋಗಿ ಬಾವುಟವನ್ನು ಮುಚ್ಚಿತು. ಆಗ ಯಾರೂ ಕೂತು ತೀರ್ಮಾನಿಸದೆ, ಯಾರೂ ಬಾಯಿಬಿಟ್ಟು ಹೇಳದೆ, ಕೊನೆಯ ಪದ್ಧತಿ ಬಂದು ನಿಂತಿತು: ತಡವಾಗುವಂತಿದ್ದರೆ ಮಿಸ್ತ್ರಿ ಫೋನು ಮಾಡುತ್ತಾರೆ. ಫೋನು ಬರಲಿಲ್ಲವೆಂದರೆ ಕೆಲಸ ಮುಗಿದಿದೆ. ಗಡಿಯಾರ ನೋಡಿ ಬಳೆ ತೆಗೆಯುವುದು.

ಮೌನವನ್ನು ಆಣೆಯೆಂದು ನಂಬಿದರು. ಗಾಡಿಗಳು ಹೊತ್ತಿಗೆ ಸರಿಯಾಗಿ ಓಡತೊಡಗಿದವು. ಮೇಲಿನ ಸಾಹೇಬರು ಬಂದು ಕರಡಿಕಟ್ಟೆಗೆ ಒಂದು ಹಿತ್ತಾಳೆಯ ಫಲಕ ಕೊಟ್ಟು, “ಇದು ಹೇಗೆ ಸಾಧಿಸಿದಿರಿ?” ಎಂದು ಕೇಳಿದರು. ಎಲ್ಲರೂ ನಕ್ಕರು. ಉತ್ತರ ಹೇಳಬೇಕಾಗಿ ಬರಲಿಲ್ಲ. ಸಾಹೇಬರಿಗೂ ಉತ್ತರ ಬೇಕಿರಲಿಲ್ಲ.

ಅದು ಒಂದು ಗುರುವಾರ, ಚೈತ್ರದ ಬಿಸಿಲು. ಕಣಿವೆಯ ಆಚೆಯ ಸೇತುವೆಯ ಮೇಲೆ ಹಳಿ ಬದಲಿಸುವ ಕೆಲಸ. ಹನ್ನೊಂದಕ್ಕೆ ನನ್ನನ್ನು ತೊಡಿಸಿದರು. ಹನ್ನೆರಡೂವರೆಯವರೆಗೆ ಸಮಯ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ನಂಬರು ಎಂದಿನಂತೆ ಕಾದಿತ್ತು.

ಹನ್ನೆರಡು ಗಂಟೆಗೆ ಪ್ಯಾಸೆಂಜರ್ ಗಾಡಿ ಬಂದು ನಿಂತಿತು. ಮದುವೆಗೆ ಹೊರಟವರು ಅದರಲ್ಲಿ ತುಂಬಿದ್ದರು. ಒಬ್ಬ ಮುದುಕ ಕಿಟಕಿಯಿಂದ ತಲೆ ಹಾಕಿ ಕೂಗಿದ: “ಮಾಸ್ತರ್ರ, ಅಕ್ಕಿಕಾಳು ಬಿದ್ದ ಮ್ಯಾಲೆ ನಾವು ಹೋಗಿ ಏನು ಎಲಿ ಎತ್ತೂನೇನ್ರೀ?” ಎಲ್ಲರೂ ನಕ್ಕರು. ಕಂಟ್ರೋಲಿನ ಫೋನು ಎರಡು ಸಲ ಬಂತು. ಹನ್ನೆರಡೂವರೆಯಾಯಿತು. ಹಳಿಯ ಕಡೆಯ ಫೋನು ಮಾತ್ರ ಬರಲಿಲ್ಲ.

“ದ್ಯಾವಪ್ಪ, ಹೊತ್ತಾತು. ಬಳೆ ತಗಿ.”

ದ್ಯಾವಪ್ಪ ಕಿಟಕಿಯ ಬಳಿ ನಿಂತು ಜಾಲಿಯನ್ನು ನೋಡುತ್ತಿದ್ದ. “ಸಾಹೇಬ್ರ, ಒಂದೈದು ನಿಮಿಷ ತಡೀರಲ್ಲ. ಇವತ್ತು ಸೇತುವಿ ಕೆಲಸ ಐತಿ.”

“ತಡ ಆಗೂದಿದ್ರ ಚಾಚಾ ಫೋನ್ ಮಾಡ್ತಿದ್ದ. ಮಾಡಿಲ್ಲ. ದಿನಾ ಹಿಂಗ ಅಂತೀ, ದಿನಾ ಏನೂ ಆಗೂದಿಲ್ಲ.”

ಅದು ಸುಳ್ಳಲ್ಲ. ದಿನಾ ಏನೂ ಆಗಿರಲಿಲ್ಲ. ದ್ಯಾವಪ್ಪ ನಾಲ್ಕು ನಿಮಿಷ ತಡಮಾಡಿದ. ಗಾಡಿಯ ಸೀಟಿ ಕೂಗಿತು. ಮಾಸ್ತರರು ಪೆನ್ಸಿಲಿನ ಮೇಲೆ ಶಾಯಿ ಎಳೆದರು. ಹನ್ನೆರಡು ಮೂವತ್ತನಾಲ್ಕಕ್ಕೆ ದ್ಯಾವಪ್ಪ ನನ್ನನ್ನು ತೆಗೆದು, ಕಣ್ಣಿಗೆ ಒತ್ತಿಕೊಂಡು, ಮೊಳೆಗೆ ತೂಗುಹಾಕಿದ. ಲಿವರ್ ಎಳೆದ. ಅದು ಎಂದಿನಂತೆ ಹಗುರವಾಗಿ ಬಂತು. ಬಿಗಿಯಾಗಿಯಾದರೂ ಬರಬಾರದಿತ್ತೆ ದೇವರೆ!

ಮುಂದಿನದನ್ನು ನಾನು ಕಂಡಿಲ್ಲ. ಆ ಸಂಜೆ ಹುಸೇನಸಾಬರು ಕೋಣೆಯ ನೆಲದ ಮೇಲೆ ಕುಳಿತು ಹೇಳಿದಾಗ ಕೇಳಿದೆ. ಹೊಸ ಹಳಿಯ ತೂತು ಕೂಡದೆ ಕೆಲಸ ತಡವಾಗಿತ್ತು. ಹಳಿ ಬಿಚ್ಚಿಕೊಂಡೇ ಇತ್ತು. ಹತ್ತು ನಿಮಿಷ ಫೋನು ತಿರುಗಿಸಿದರೂ ತಂತಿಯಲ್ಲಿ ಉಸಿರಿರಲಿಲ್ಲ. ಆಗ ಹನಮಂತ, “ನಾ ಓಡಿ ಹೋಗಿ ಹೇಳ್ತೀನಿ. ನಮ್ಮಣ್ಣ ತಡೀತಾನ” ಎಂದನಂತೆ. ಕಲ್ಲು ಕಡಿದು ಮಾಡಿದ ಕಣಿವೆ ಅದು. ಎರಡೂ ಬದಿ ಗೋಡೆ, ನಡುವೆ ಹಳಿ, ಸರಿದು ನಿಲ್ಲಲು ಜಾಗವಿಲ್ಲ. ತಿರುವಿನಲ್ಲಿ ಗಾಡಿ ಎದುರಾಯಿತು. ಅವನು ಹಿಂದಕ್ಕೆ ಓಡಲಿಲ್ಲ. ತಲೆಯ ರುಮಾಲು ಬಿಚ್ಚಿ ಬೀಸುತ್ತ ಗಾಡಿಯ ಎದುರಿಗೇ ಓಡಿದ. ಡ್ರೈವರು ಬ್ರೇಕು ಒತ್ತಿದ. ಗಾಡಿ ಅವನ ಮೇಲೆ ಹಾಯ್ದು, ಕಣಿವೆ ದಾಟುವ ಮೊದಲೇ, ಸೇತುವೆಗೆ ಇನ್ನೂರು ಮಾರು ಇರುವಾಗ ನಿಂತಿತು. ಮದುವೆಯ ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಗಾಡಿ ನಿಂತಿದ್ದ ಹೊತ್ತಿನಲ್ಲಿ, ತಿರುವಿನ ಆಚೆ, ಗ್ಯಾಂಗಿನವರು ಅಳುತ್ತಲೇ ಹಳಿ ಕೂಡಿಸಿದರು.

ಹಳಿ ಕೂಡಿತು. ಪುಸ್ತಕದಲ್ಲಿ ನಂಬರಿತ್ತು. ಕೋಣೆಯಲ್ಲಿ ಮೂವರು ಕುಳಿತಿದ್ದರು.

“ನಾ ಇದ್ದದ್ದು ಇದ್ದಂಗ ಬರೀತೀನಿ” ಎಂದರು ಕೊಣ್ಣೂರ ಮಾಸ್ತರರು. “ಜೇಲಿಗೆ ಹೋಗ್ತೀನಿ, ಹೋಗಲಿ.”

ಹುಸೇನಸಾಬರು ತಲೆ ಎತ್ತಲಿಲ್ಲ. “ನಂಬರ್ ಕೊಟ್ಟಾವ ನಾನು. ಬಳೆ ತಗದಾವ ದ್ಯಾವಪ್ಪ. ಮೂರೂ ಮಂದಿ ಹೋಗೂದ. ದ್ಯಾವಪ್ಪ, ನೀ ಹೇಳಪಾ. ನೀ ಏನಂದ್ರೂ ನಂದು ಸೈ.”

ದ್ಯಾವಪ್ಪ ಮೊಳೆಯ ಮೇಲಿದ್ದ ನನ್ನತ್ತ ನೋಡಿದ. ಕೊನೆಗೆ, “ಸತ್ತಾವ ತಿರುಗಿ ಬರಂಗಿಲ್ಲ. ಬರೀರಿ, ಹೆಂಗ ಬರೀಬೇಕೋ ಹಂಗ” ಎಂದ.

ಮೂವರೂ ಉಳಿಯುವಂತೆ ಬರೆದರು. ವಿಚಾರಣೆಗೆ ಬಂದ ಸಾಹೇಬರು ನನ್ನನ್ನು ಲಿವರಿಗೆ ತೊಡಿಸಿ, ತೆಗೆದು, ಮತ್ತೆ ತೊಡಿಸಿ ನೋಡಿ ‘ಬಳೆ ಸುಸ್ಥಿತಿಯಲ್ಲಿದೆ’ ಎಂದು ಗುರುತು ಹಾಕಿಕೊಂಡರು. ಮೂವರೂ ಸಹಿ ಮಾಡಿದರು; ಗ್ಯಾಂಗಿನವರು ಮಿಸ್ತ್ರಿಯ ಮಾತನ್ನು ಮೀರಲಿಲ್ಲ. ವರದಿ ಹೀಗಿತ್ತು: ಬಿಡುವ ನಂಬರು ಕ್ರಮವಾಗಿ ದಾಖಲಾಗಿದೆ. ಬಳೆಯನ್ನು ಆಮೇಲೆ ತೆಗೆಯಲಾಗಿದೆ. ಗಾಡಿಗೆ ತೆರೆದ ಲೈನಿನ ಮೇಲೆ ಕಾರಣವಿಲ್ಲದೆ ನಡೆದು ಬರುತ್ತಿದ್ದ ಗ್ಯಾಂಗಿನವನು ಗಾಡಿ ಕಂಡು ಗಾಬರಿಯಿಂದ ಕೈ ಬೀಸಿದ್ದಾನೆ. ಸಾವಿಗೆ ಅವನ ಅಜಾಗರೂಕತೆಯೇ ಕಾರಣ. ಹೋಗುವಾಗ ಸಾಹೇಬರು ದ್ಯಾವಪ್ಪನ ಹೆಗಲ ಮೇಲೆ ಕೈಯಿಟ್ಟು, “ದೇವರು ಕರೆದುಕೊಂಡ” ಎಂದರು. ದೇವರ ಹೆಸರು ಮನುಷ್ಯರಿಗೆ ಎಷ್ಟು ಅನುಕೂಲದ್ದು! ದೇವರು ನನ್ನನ್ನು ತೆಗೆಯಲಿಲ್ಲ. ದೇವರು ಪೆನ್ಸಿಲಿನ ಮೇಲೆ ಶಾಯಿ ಎಳೆಯಲಿಲ್ಲ. ಆ ದಿನ ದೇವರು ಅಲ್ಲಿ ಇದ್ದದ್ದೇ ಆದರೆ ಕಣಿವೆಯಲ್ಲಿ ಇದ್ದ, ರುಮಾಲು ಬೀಸುತ್ತಿದ್ದ.

ಒಂದು ತಿಂಗಳ ಮೇಲೆ ಅಣ್ಣತಮ್ಮಂದಿರ ತಾಯಿ ಫಕೀರವ್ವ ಸ್ಟೇಷನ್ನಿಗೆ ಬಂದಳು. ಲಿವರುಗಳ ಹತ್ತಿರ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ದ್ಯಾವ, ಊರಾಗ ಒಂದೊಂದು ಅಂತಾರೋ. ಕುಡದಿದ್ದ ಅಂತಾರ. ಕೆಲಸ ಬಿಟ್ಟು ಅವ ಹಳಿ ಮ್ಯಾಲೆ ಯಾಕ ಬರಾಕತ್ತಿದ್ದ? ನಿನಗ ಗೊತ್ತಿರಬೇಕಲ್ಲ, ಹೇಳು.”

ಮಾಸ್ತರರು ಬರೆಯುವುದನ್ನು ನಿಲ್ಲಿಸಿದರು. ಮೊಳೆಯ ಮೇಲೆ ನಾನು ಕೇಳುತ್ತಿದ್ದೆ. ಹೇಳು ದ್ಯಾವಪ್ಪ, ತಾಯಿಗಾದರೂ ಹೇಳು ಎಂದು ಕಬ್ಬಿಣವೆಲ್ಲ ಕೂಗುತ್ತಿತ್ತು. ಕಬ್ಬಿಣದ ಕೂಗು ಯಾರಿಗೆ ಕೇಳುತ್ತದೆ?

“ಹಸಿವಾಗಿತ್ತಬೇ ಅವಗ” ಎಂದ ದ್ಯಾವಪ್ಪ. “ಉಣ್ಣಾಕ ಮನಿಗೆ ಬರಾಕತ್ತಿದ್ದ.”

ಫಕೀರವ್ವ ಮಗನ ಮುಖವನ್ನೇ ನೋಡಿದಳು.

“ಬುತ್ತಿ ಕಟ್ಟಿ ಕೊಟ್ಟಿದ್ನಲ್ಲೋ ನಾನು” ಎಂದಳು.

ಅವಳು ಹೊರಗೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಎದ್ದು ಹೋದಳು. ಅಂದಿನಿಂದ ದ್ಯಾವಪ್ಪ ನನ್ನನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಎರಡು ಬೆರಳಿನಿಂದ ಎತ್ತಿ ತೊಡಿಸುವನು, ಎರಡು ಬೆರಳಿನಿಂದ ತೆಗೆಯುವನು.

ಈಗ ಕರಡಿಕಟ್ಟೆಯಲ್ಲಿ ಲಿವರುಗಳಿಲ್ಲ. ಮೇಜಿನ ಮೇಲೆ ದೀಪ ಹೊತ್ತುವ ಗುಂಡಿಗಳಿವೆಯಂತೆ. ನಮ್ಮನ್ನೆಲ್ಲ ಕಿತ್ತು ಈ ಗುಜರಿಯ ಅಂಗಳದಲ್ಲಿ ಸುರಿದಿದ್ದಾರೆ. ನನ್ನ ಬಣ್ಣ ಹೋಗಿದೆ, ಮಳೆಯ ನೀರು ಕೂಡುತ್ತಿದೆ. ಒಂದು ದಿನ ಕುಲುಮೆಗೆ ಹಾಕುತ್ತಾರೆ. ಅದರ ಭಯ ನನಗಿಲ್ಲ, ಬೆಂಕಿಯಿಂದಲೇ ಬಂದವನು. ಒಂದೇ ಸಂಕಟ. ಆ ವರದಿ ಎಲ್ಲಿಯೋ ಕಪಾಟಿನಲ್ಲಿ ಭದ್ರವಾಗಿದೆ. ಅದರಲ್ಲಿ ನನ್ನನ್ನು ತೆಗೆದ ಗಂಟೆ ಸರಿಯಾಗಿದೆ, ನಿಮಿಷ ಸರಿಯಾಗಿದೆ, ನಂಬರು ಸರಿಯಾಗಿದೆ, ಸಹಿಗಳು ಸರಿಯಾಗಿವೆ. ಹನಮಂತ ಗಾಡಿಯ ಎದುರಿಗೆ ಓಡಿದ್ದು ಮಾತ್ರ ಅದರಲ್ಲಿಲ್ಲ. ಆ ಕೋಣೆಯಲ್ಲಿ ಅದನ್ನು ಬಲ್ಲ ಮೂವರು ಸಹಿ ಮಾಡಿದ್ದಾರೆ. ನಾಲ್ಕನೆಯವನು ನಾನು. ನನಗೆ ಸಹಿ ಬರುವುದಿಲ್ಲ.